ಬೈನರಿ ಆನ್ ಮಾಡಿದರೂ ಕಂಪೈಲ್ ನಿಲ್ಲುತ್ತಿಲ್ಲ!

ಪ್ರಶ್ನೆ: ನನ್ನದು 2012ರ ಲ್ಯಾಪ್‌ಟಾಪ್, 4 ಜಿಬಿ ರ್‍ಯಾಮ್, ಜೆಂಟೂ ಲಿನಕ್ಸ್ (ಸಾಫ್ಟ್‌ವೇರನ್ನು ಸೋರ್ಸ್ ಕೋಡಿನಿಂದ ನಮ್ಮ ಮೆಷಿನ್‌ನಲ್ಲೇ ಕಂಪೈಲ್ ಮಾಡಿ ಹಾಕಿಕೊಳ್ಳುವಂಥದ್ದು). ಅಪ್‌ಡೇಟ್ ಹಾಕಿದರೆ ವೆಬ್‌ಕಿಟ್, ರಸ್ಟ್ ಅಂತ ದೊಡ್ಡ ಪ್ಯಾಕೇಜ್‌ಗಳ ಕಂಪೈಲ್ ಶುರುವಾಗಿ ಮರುದಿನವೂ ಮುಗಿಯುವುದಿಲ್ಲ. ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿಂದ. ಬೈನರಿ ಪ್ಯಾಕೇಜ್ (ಮೊದಲೇ ಕಂಪೈಲ್ ಮಾಡಿಟ್ಟದ್ದು) ಆಯ್ಕೆ ಆನ್ ಮಾಡಿದ್ದೇನೆ. ಆದರೂ ಅರ್ಧಕ್ಕರ್ಧ ಕಂಪೈಲ್ ಆಗುತ್ತಲೇ ಇದೆ. ಏನು ಮಾಡಲಿ ಮೇಡಂ?
— ಓದುಗರೊಬ್ಬರು, ನಾಪೋಕ್ಲು

ಉತ್ತರ: ಈ ಮಳೆಯಲ್ಲಿ ಕಂಪೈಲ್‌ಗೆ ಕೂತಿದ್ದೀರಲ್ಲ, ನಿಮ್ಮ ಧೈರ್ಯಕ್ಕೆ ಮೆಚ್ಚಬೇಕು! ನಾನೂ ಮಡಿಕೇರಿಯಲ್ಲಿ ಕೂತು ಅದೇ ಪೆದ್ದು ಕೆಲಸ ಮಾಡಿದವಳೇ. ಒಂದು ಜುಲೈ ರಾತ್ರಿ ಕ್ಯೂಟಿ ವೆಬ್‌ಎಂಜಿನ್ ಕಂಪೈಲ್‌ಗೆ ಹಾಕಿ ಮಲಗಿದ್ದೆ. ಲ್ಯಾಪ್‌ಟಾಪಿನ ಬಿಸಿಗಾಳಿಗೆ ಒಣಗಲಿ ಅಂತ ಒದ್ದೆ ಸಾಕ್ಸ್ ಪಕ್ಕದಲ್ಲೇ ಇಟ್ಟಿದ್ದೆ. ಬೆಳಗಿನ ಜಾವ ಎಲ್ಲೋ ಸಿಲ್ವರ್ ಮರ ಲೈನ್ ಮೇಲೆ ಬಿತ್ತು. ಬ್ಯಾಟರಿ ಸತ್ತು ವರ್ಷವಾಗಿತ್ತು. ಎದ್ದು ನೋಡಿದರೆ ಪ್ಯಾಕೇಜೂ ಇಲ್ಲ, ಸಾಕ್ಸೂ ಒಣಗಿಲ್ಲ.

ಜೆಂಟೂದವರು 2023ರ ಡಿಸೆಂಬರ್ ಕೊನೆಯಿಂದ ತಯಾರಾದ ಪ್ಯಾಕೇಜ್‌ಗಳನ್ನೇ ಕೊಡುತ್ತಿದ್ದಾರೆ. ಲಿಬ್ರೆಆಫೀಸ್, ಕೆಡಿಇ, ಗ್ನೋಮ್‌ನಂಥ ದೊಡ್ಡವೂ ಅದರಲ್ಲಿವೆ. ಹಾಗಿದ್ದೂ ನಿಮ್ಮಲ್ಲಿ ಕಂಪೈಲ್ ಆಗುತ್ತಿದೆ ಅಂದರೆ ನನಗೆ ಅನುಮಾನ ನಿಮ್ಮ ಯೂಸ್ ಫ್ಲ್ಯಾಗ್‌ಗಳ ಮೇಲೆ, ಅಂದರೆ ಪ್ಯಾಕೇಜಿನಲ್ಲಿ ಯಾವ ಸೌಲಭ್ಯ ಬೇಕು, ಯಾವುದು ಬೇಡ ಅಂತ ನೀವು ಕೊಡುವ ಆಯ್ಕೆಗಳ ಮೇಲೆ.

ಕೊಡಗಿನಲ್ಲಿದ್ದು ಕಾಫಿಯ ಉದಾಹರಣೆ ಕೊಡದಿದ್ದರೆ ಹೇಗೆ? ಅಂಗಡಿಯಲ್ಲಿ ನೂರಕ್ಕೆ 30 ಚಿಕೋರಿ ಬೆರೆಸಿದ ಪುಡಿ ಪ್ಯಾಕೆಟ್ ಕಟ್ಟಿ ಇಟ್ಟಿರುತ್ತಾರೆ. ನೀವು ಹೋಗಿ "ನನಗೆ 12 ಹಾಕಿ ಕೊಡಿ" ಅಂದರೆ ಮೆಷಿನ್ ಮುಂದೆ ಕಾಯಲೇಬೇಕು ಅಲ್ವಾ? ಜೆಂಟೂದ ಪ್ಯಾಕೇಜ್ ಮ್ಯಾನೇಜರ್ ಪೋರ್ಟೇಜ್ ಕೂಡ ಅಷ್ಟೇ. ನೀವು ಕೇಳಿದ ಫ್ಲ್ಯಾಗ್‌ಗೂ ಅಲ್ಲಿರುವ ಪ್ಯಾಕೇಜಿಗೂ ಹೊಂದದಿದ್ದರೆ ಸೋರ್ಸ್ ಇಳಿಸಿಕೊಂಡು ಕೂರುತ್ತದೆ.

ಪಾಪ, ಅದು ಹೇಳದೆ ಮಾಡುವುದಿಲ್ಲ. ಎಮರ್ಜ್ (ಪ್ಯಾಕೇಜ್ ಹಾಕುವ ಕಮಾಂಡ್) ಕೊಡುವಾಗ ಆಸ್ಕ್, ವರ್ಬೋಸ್ ಆಯ್ಕೆ ಎರಡನ್ನೂ ಸೇರಿಸಿ, ಬರುವ ಪಟ್ಟಿ ಓದಿ. ಸಾಲಿನ ಶುರುವಿನಲ್ಲಿ 'ಬೈನರಿ' ಅಂತಿದ್ದರೆ ಸುಮ್ನೆ ಇಳಿದು ಕೂರುತ್ತದೆ. 'ಇಬಿಲ್ಡ್' ಅಂತಿದ್ದರೆ ಕಂಪೈಲ್. ಫ್ಲ್ಯಾಗ್ ಹೊಂದದೆ ಬಿಟ್ಟ ಪ್ಯಾಕೇಜ್ ಯಾವುದು, ಹೊಂದದ ಫ್ಲ್ಯಾಗ್ ಯಾವುದು ಅಂತಲೂ ಅಲ್ಲೇ ಬರೆದಿರುತ್ತದೆ. ನಾವು ಓದದೆ ಎಂಟರ್ ಒತ್ತುತ್ತೇವೆ.

ಈಗ ನಿಮ್ಮ ಮೇಕ್ ಡಾಟ್ ಕಾನ್ಫ್ ಅನ್ನುವ ಸೆಟ್ಟಿಂಗ್ಸ್ ಫೈಲ್ ತೆರೆದು ಯೂಸ್ ಸಾಲು ನೋಡಿ. ಯಾವತ್ತೋ ಯಾರದೋ ವಿಡಿಯೋ ನೋಡಿ 'ಇದು ಬೇಡ' ಅಂತ ಸೇರಿಸಿದ ಮೈನಸ್ ಫ್ಲ್ಯಾಗ್‌ಗಳು ಎಷ್ಟಿವೆ? ನನ್ನದರಲ್ಲಿ ಮೂರು ಸಾಲು ಇದ್ದವು. ಯಾಕೆ ಹಾಕಿದೆ ಅಂತ ನನಗೇ ನೆನಪಿರಲಿಲ್ಲ. ಡೆಸ್ಕ್‌ಟಾಪ್ ಪ್ರೊಫೈಲ್ (ಜೆಂಟೂದವರೇ ಕೊಡುವ ಸಿದ್ಧ ಸೆಟ್ಟಿಂಗ್ಸ್) ಇಟ್ಟುಕೊಂಡು ಎರಡು ಫ್ಲ್ಯಾಗ್ ಬಿಟ್ಟು ಉಳಿದದ್ದೆಲ್ಲ ಅಳಿಸಿದೆ. ಬೈನರಿಗಳ ಸಾಲು ಉದ್ದವಾಯಿತು.

ಒಂದು ಎಚ್ಚರಿಕೆ. ಎಕ್ಸ್86-64ಕ್ಕೆ, ಅಂದರೆ 64-ಬಿಟ್ ಇಂಟೆಲ್, ಎಎಂಡಿ ಪ್ರೊಸೆಸರ್‌ಗಳಿಗೆ, ಎರಡು ಬಗೆ ಬೈನರಿ ಸಿಗುತ್ತವೆ. ವಿ3 ಅನ್ನುವುದಕ್ಕೆ ಪ್ರೊಸೆಸರ್‌ನಲ್ಲಿ ಎವಿಎಕ್ಸ್2 ಅನ್ನುವ ಸೌಲಭ್ಯ ಬೇಕು. ಇಂಟೆಲ್‌ನಲ್ಲಿ ಅದು ಬಂದಿದ್ದು 2013ರ ಹ್ಯಾಸ್‌ವೆಲ್ ಪ್ರೊಸೆಸರ್‌ಗಳಿಂದ. ನಿಮ್ಮ 2012ರ ಮೆಷಿನ್‌ಗೆ ಮಾಮೂಲಿ ಬಗೆಯೇ ಸರಿ.

ರಸ್ಟ್ ಬದಲು ರಸ್ಟ್-ಬಿನ್, ಫೈರ್‌ಫಾಕ್ಸ್ ಬದಲು ಫೈರ್‌ಫಾಕ್ಸ್-ಬಿನ್ ಹಾಕಿಕೊಳ್ಳಿ. ಹಾಟ್‌ಸ್ಪಾಟ್ ಡೇಟಾ ಖಾಲಿಯಾದೀತು ಅಂತ ಹೆದರಬೇಡಿ. ಬ್ರೌಸರ್‌ನ ಸೋರ್ಸೇ ಬೈನರಿಗಿಂತ ಜಾಸ್ತಿ ತೂಕ.

ಅಷ್ಟಾದರೂ ಒಂದೆರಡು ಕಂಪೈಲ್ ಉಳಿದರೆ ಮೇಕಾಪ್ಟ್ಸ್‌ನಲ್ಲಿ (ಅದೇ ಮೇಕ್ ಡಾಟ್ ಕಾನ್ಫ್‌ನ ಇನ್ನೊಂದು ಸಾಲು) ಜೆ2, ಅಂದರೆ ಒಟ್ಟಿಗೆ ಎರಡು ಜಾಬ್, ದಾಟಬೇಡಿ. ಒಂದು ಜಾಬ್‌ಗೆ 2 ಜಿಬಿ ರ್‍ಯಾಮ್ ಅಂತ ಲೆಕ್ಕ. ಕಂಪೈಲ್ ಆದ ಫೈಲ್‌ಗಳನ್ನು ಉಳಿಸಿಟ್ಟುಕೊಳ್ಳುವ ಸಿಸಿಕ್ಯಾಶ್ ಹಾಕಿಡಿ. ಕರೆಂಟ್ ಹೋಗಿ ಬಂದ ಮೇಲೆ ಎಮರ್ಜ್ ರೆಸ್ಯೂಮ್ ಕೊಟ್ಟರೆ ಮುಗಿದ ಪ್ಯಾಕೇಜ್‌ಗಳನ್ನು ಬಿಟ್ಟು ಮುಂದುವರಿಯುತ್ತದೆ. ಅರ್ಧಕ್ಕೆ ನಿಂತದ್ದು ಮಾತ್ರ ಮೊದಲಿಂದ. ಆದರೆ ಅದರ ಸಿ, ಸಿ++ ಫೈಲ್‌ಗಳು ಸಿಸಿಕ್ಯಾಶ್‌ನಲ್ಲಿ ಇರುವುದರಿಂದ ಎರಡನೇ ಸಲ ಬೇಗ ಓಡುತ್ತದೆ.