ಬೋರ್ಡಿನ ದೀಪ ಉರಿಯುತ್ತದೆ, ಕಂಪ್ಯೂಟರ್ ಮಾತ್ರ ಆನ್ ಆಗುವುದಿಲ್ಲ

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಡಿಪ್ಲೊಮಾ ಓದುತ್ತಿದ್ದೇನೆ. ಮೊದಲ ಸಲ ನಾನೇ ಒಂದು ಡೆಸ್ಕ್‌ಟಾಪ್ ಜೋಡಿಸಿದೆ. ರೈಜೆನ್ 5 7600 ಪ್ರೊಸೆಸರ್, ಬಿ650 ಮದರ್‌ಬೋರ್ಡ್, 16 ಜಿಬಿಯ ಎರಡು ಡಿಡಿಆರ್5 ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್, ಎಲ್ಲಕ್ಕೂ ಕರೆಂಟ್ ಕೊಡುವ 650 ವ್ಯಾಟ್ ಎಸ್‌ಎಂಪಿಎಸ್. ಅರ್ಧ ಸಾಮಾನು ಬೆಂಗಳೂರಿನ ಎಸ್.ಪಿ. ರೋಡ್‌ನಿಂದ ತಂದಿದ್ದು, ಅರ್ಧ ಆನ್‌ಲೈನ್. ಪವರ್ ಬಟನ್ ಒತ್ತಿದರೆ ಏನೂ ಆಗುವುದಿಲ್ಲ. ಫ್ಯಾನ್ ಅಲ್ಲಾಡುವುದೂ ಇಲ್ಲ. ಆದರೆ ಮದರ್‌ಬೋರ್ಡಿನ ಮೂಲೆಯಲ್ಲಿ ಒಂದು ಸಣ್ಣ ದೀಪ ಉರಿಯುತ್ತಿದೆ. ಒಬ್ಬ ಗೆಳೆಯ ಎಸ್‌ಎಂಪಿಎಸ್ ಹೋಗಿದೆ ಅಂತಾನೆ, ಇನ್ನೊಬ್ಬ ಬೋರ್ಡ್ ಡೆಡ್ ಅಂತಾನೆ. ಅಂಗಡಿಯವರು ಎಲ್ಲಾ ಬಿಚ್ಚಿ ತನ್ನಿ ಅಂತಾರೆ. ಅದಕ್ಕೆ ಮೊದಲು ಮನೆಯಲ್ಲೇ ಏನಾದರೂ ನೋಡಬಹುದೇ?

ಉತ್ತರ: ನೋಡಬಹುದು. ನಿಮ್ಮ ಗೆಳೆಯರಿಬ್ಬರೂ ಸ್ವಲ್ಪ ಅವಸರ ಮಾಡಿದ್ದಾರೆ. ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಮಾತು ಆ ಸಣ್ಣ ದೀಪದ್ದು.

ಎಸ್‌ಎಂಪಿಎಸ್‌ಗೆ ಗೋಡೆಯ ಕರೆಂಟ್ ಸಿಕ್ಕ ಕೂಡಲೇ, ನೀವು ಬಟನ್ ಒತ್ತದಿದ್ದರೂ, ಅದು 5 ವೋಲ್ಟ್‌ನ ಒಂದು ಪುಟ್ಟ ಸಪ್ಲೈಯನ್ನು ಬೋರ್ಡ್‌ಗೆ ಕೊಡುತ್ತಲೇ ಇರುತ್ತದೆ. ಇದಕ್ಕೆ ಸ್ಟ್ಯಾಂಡ್‌ಬೈ ಅನ್ನುತ್ತಾರೆ. 24 ಪಿನ್‌ನ ದೊಡ್ಡ ಪ್ಲಗ್‌ನಲ್ಲಿ ನೇರಳೆ ಬಣ್ಣದ ವೈರ್ ಇದರದ್ದು. ಆ ದೀಪ ಉರಿಯುವುದು ಇದರಿಂದಲೇ. ಹಾಗಾಗಿ ಗೋಡೆಯ ಸಾಕೆಟ್, ಸ್ಪೈಕ್ ಬಸ್ಟರ್, ಪವರ್ ಕಾರ್ಡ್, ಎಸ್‌ಎಂಪಿಎಸ್ ಹಿಂದಿನ ಸ್ವಿಚ್, ಇಷ್ಟೂ ಸರಿ ಇವೆ ಅಂತ ಕುಳಿತಲ್ಲೇ ಗೊತ್ತಾಯಿತು. ದೀಪ ಇಲ್ಲದೇ ಇದ್ದಿದ್ದರೆ ನಾನು ಇಲ್ಲಿಂದಲೇ ಶುರು ಮಾಡುತ್ತಿದ್ದೆ. ಹಿಂದಿನ ಸ್ವಿಚ್‌ನಲ್ಲಿ ಗೆರೆಯ ಕಡೆ ಒತ್ತಿದರೆ ಆನ್, ಸೊನ್ನೆಯ ಕಡೆ ಒತ್ತಿದರೆ ಆಫ್. ಇದನ್ನೇ ತಿರುಗಾಮುರುಗಾ ಮಾಡಿಕೊಂಡು ರಾತ್ರಿಯೆಲ್ಲಾ ಒದ್ದಾಡಿದವರು ಎಷ್ಟೋ ಜನ ಇದ್ದಾರೆ.

ಎಸ್‌ಎಂಪಿಎಸ್ ಪೂರ್ತಿ ಸತ್ತಿಲ್ಲ ಅಂತಾಯಿತು. ಮುಖ್ಯ ಸಪ್ಲೈ ಯಾಕೆ ಶುರುವಾಗುತ್ತಿಲ್ಲ ಅನ್ನುವುದಷ್ಟೇ ಈಗಿನ ಪ್ರಶ್ನೆ.

ಕ್ಯಾಬಿನೆಟ್ಟಿನ ಪವರ್ ಬಟನ್ ಕರೆಂಟನ್ನು ಹೊತ್ತೊಯ್ಯುವ ಸ್ವಿಚ್ ಅಲ್ಲ. ಮನೆಯ ಕಾಲಿಂಗ್ ಬೆಲ್ ಸ್ವಿಚ್‌ನ ಹಾಗೆ ಒತ್ತಿದಾಗ ಎರಡು ಪಿನ್‌ಗಳನ್ನು ಒಂದು ಕ್ಷಣ ಕೂಡಿಸುತ್ತದೆ, ಅಷ್ಟೇ. ಬೋರ್ಡ್ ಅದನ್ನು ಗಮನಿಸಿ, 24 ಪಿನ್ ಪ್ಲಗ್‌ನ ಹಸಿರು ವೈರನ್ನು ಗ್ರೌಂಡ್‌ಗೆ, ಅಂದರೆ ಸೊನ್ನೆ ವೋಲ್ಟ್‌ಗೆ, ಎಳೆಯುತ್ತದೆ. ಆಗ ಎಸ್‌ಎಂಪಿಎಸ್ 12, 5 ಮತ್ತು 3.3 ವೋಲ್ಟ್‌ಗಳನ್ನು ಬಿಡುತ್ತದೆ. ಬಟನ್ನಿನ ವೈರ್ ತಪ್ಪು ಪಿನ್‌ಗೆ ಕೂತಿದ್ದರೆ ಬೋರ್ಡ್‌ಗೆ ನೀವು ಒತ್ತಿದ್ದೇ ಗೊತ್ತಾಗುವುದಿಲ್ಲ. ಹೊಸದಾಗಿ ಜೋಡಿಸಿದ ಕಂಪ್ಯೂಟರ್ ನಿಮ್ಮ ಹಾಗೆ ದೀಪ ಉರಿಸಿಕೊಂಡು ಸುಮ್ನೆ ಕೂತಿದ್ದರೆ ನನ್ನ ಮೊದಲ ಅನುಮಾನ ಯಾವಾಗಲೂ ಇಲ್ಲಿಗೇ.

ಹೆಚ್ಚಿನ ಬೋರ್ಡ್‌ಗಳಲ್ಲಿ ಈ ಪಿನ್‌ಗಳು ಕೆಳಗಿನ ಬಲ ಮೂಲೆಯಲ್ಲಿ ಎರಡು ಸಾಲಾಗಿ ಇರುತ್ತವೆ. ಒಟ್ಟು ಒಂಬತ್ತು ಪಿನ್, ಒಂದು ತುದಿಯಲ್ಲಿ ಒಂದು ಪಿನ್ ಖಾಲಿ. ಖಾಲಿ ಜಾಗ ಇರುವ ಸಾಲಿನಲ್ಲಿ, ಅದರ ಪಕ್ಕದ ಎರಡು ಪಿನ್ ಪವರ್ ಸ್ವಿಚ್‌ನವು. ಅದರ ಎದುರಿನ ಸಾಲಿನಲ್ಲಿ ರೀಸೆಟ್ ಇರುತ್ತದೆ. ಅಕ್ಷರ ಇರುವೆಯಷ್ಟು ಸಣ್ಣದು, ಕತ್ತಲಲ್ಲಿ ಒಂದು ಪಿನ್ ಆಚೀಚೆ ಆಗುವುದು ತೀರಾ ಸಹಜ. ಎಲ್ಲ ಕಂಪನಿಯ ಬೋರ್ಡ್‌ಗಳೂ ಈ ಪದ್ಧತಿ ಪಾಲಿಸುವುದಿಲ್ಲ, ಹಾಗಾಗಿ ನಿಮ್ಮ ಬೋರ್ಡಿನ ಮ್ಯಾನ್ಯುಯಲ್‌ನ ಚಿತ್ರವೇ ಕೊನೆಯ ಮಾತು. ಪವರ್ ಸ್ವಿಚ್‌ಗೆ ಪ್ಲಸ್ ಮೈನಸ್ ಇಲ್ಲ, ಹೇಗೆ ಹಾಕಿದರೂ ನಡೆಯುತ್ತದೆ. ಎಲ್‌ಇಡಿ ವೈರ್‌ಗಳಿಗೆ ಮಾತ್ರ ಇದೆ.

ಸರಿಯಾಗಿ ಕೂತಿದ್ದರೂ ಆನ್ ಆಗದಿದ್ದರೆ ಬಟನ್ನೇ ಕೆಟ್ಟಿರಬಹುದು. ಪವರ್ ಸ್ವಿಚ್ ವೈರ್ ತೆಗೆದು, ಅದೇ ಪಿನ್‌ಗಳಿಗೆ ರೀಸೆಟ್ ಬಟನ್ನಿನ ವೈರ್ ಹಾಕಿ. ಈಗ ರೀಸೆಟ್ ಒತ್ತಿದರೆ ಕಂಪ್ಯೂಟರ್ ಆನ್ ಆಗಬೇಕು. ಕ್ಯಾಬಿನೆಟ್‌ನಲ್ಲಿ ರೀಸೆಟ್ ಬಟನ್ ಇಲ್ಲವೇ? ಸ್ಕ್ರೂಡ್ರೈವರ್ ತುದಿಯಿಂದ ಆ ಎರಡು ಪಿನ್‌ಗಳನ್ನು ಒಂದು ಕ್ಷಣ ಮುಟ್ಟಿಸಿ. ಇಲ್ಲಿರುವುದು ಕಡಿಮೆ ವೋಲ್ಟೇಜ್, ಶಾಕ್ ಹೊಡೆಯುವುದಿಲ್ಲ. ಆದರೆ ಅಂದಾಜಿನ ಮೇಲೆ ಸಿಕ್ಕ ಸಿಕ್ಕ ಪಿನ್‌ಗಳನ್ನು ಮುಟ್ಟಿಸಬೇಡಿ. ಫ್ಯಾನ್ ತಿರುಗಿತು ಅಂದರೆ ನಿಮ್ಮ ಬೋರ್ಡೂ ಎಸ್‌ಎಂಪಿಎಸ್ಸೂ ಚೆನ್ನಾಗಿವೆ, ಕ್ಯಾಬಿನೆಟ್ಟಿನ ಬಟನ್ ಬದಲಾಯಿಸಿಕೊಂಡರೆ ಸಾಕು.

ಆಗಲೂ ಮೌನವೇ ಆದರೆ ಪ್ಲಗ್‌ಗಳ ಕಡೆ ಬನ್ನಿ. ಮೊದಲು ಹಿಂದಿನ ಸ್ವಿಚ್ ಆಫ್ ಮಾಡಿ, ಕಾರ್ಡ್ ಕಿತ್ತು, ಪವರ್ ಬಟನ್ ಒಂದೆರಡು ಸಲ ಒತ್ತಿ. ಬೋರ್ಡಿನ ದೀಪ ಆರುವವರೆಗೆ ಒಳಗೆ ಕೈ ಹಾಕಬೇಡಿ. 24 ಪಿನ್ ಪ್ಲಗ್ ಒಂದು ಕಡೆ ಕೂತು ಇನ್ನೊಂದು ಕಡೆ ಎದ್ದಿರುವುದುಂಟು. ಅಂಥ ಸ್ಥಿತಿಯಲ್ಲೂ ಸ್ಟ್ಯಾಂಡ್‌ಬೈ ದೀಪ ಉರಿಯಬಹುದು, ಅದೇ ನಮ್ಮನ್ನು ದಾರಿ ತಪ್ಪಿಸುವುದು. ಹೊಸ ಬೋರ್ಡ್‌ನಲ್ಲಿ ಈ ಪ್ಲಗ್ ಬಹಳ ಬಿಗಿ. ಬೋರ್ಡ್ ಬಾಗದಂತೆ ಅಂಚಿಗೆ ಕೈ ಕೊಟ್ಟು, ಕೊಕ್ಕೆ ಟಕ್ ಅನ್ನುವವರೆಗೆ ಒತ್ತಿ. ವೈರ್‌ಗಳನ್ನು ಬಿಡಿಸಿ ತೆಗೆಯಬಹುದಾದ ಮಾಡ್ಯುಲರ್ ಎಸ್‌ಎಂಪಿಎಸ್ ಆಗಿದ್ದರೆ ಆ ತುದಿಯನ್ನೂ ಹೀಗೇ ನೋಡಿ.

ಬೋರ್ಡಿನ ಮೇಲ್ಭಾಗದ ಎಡ ಮೂಲೆಯಲ್ಲಿ ಪ್ರೊಸೆಸರ್‌ಗೆಂದೇ 8 ಪಿನ್‌ನ ಇನ್ನೊಂದು ಸಾಕೆಟ್ ಇದೆ. ಕೂಲರ್ ಹಿಂದೆ ಅವಿತಿರುವುದರಿಂದ ಇದನ್ನು ಮರೆಯುವವರು ಜಾಸ್ತಿ. ಮರೆತರೆ ಕೆಲವು ಬೋರ್ಡ್‌ಗಳಲ್ಲಿ ಫ್ಯಾನ್ ತಿರುಗಿ ಡಿಸ್‌ಪ್ಲೇ ಬರುವುದಿಲ್ಲ, ಕೆಲವು ಆನ್ ಆಗುವುದೇ ಇಲ್ಲ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಗ್ರಾಫಿಕ್ಸ್ ಕಾರ್ಡಿನ ವೈರಿಗೂ 8 ಪಿನ್ ಇರುತ್ತದೆ. ಪ್ರೊಸೆಸರ್‌ನದು 4 ಮತ್ತು 4 ಆಗಿ ಸೀಳುತ್ತದೆ, ಗ್ರಾಫಿಕ್ಸ್‌ನದು 6 ಮತ್ತು 2 ಆಗಿ. ಪಿನ್‌ಗಳ ಆಕಾರ ಬೇರೆ ಇದ್ದರೂ ಬಲವಂತವಾಗಿ ತುರುಕುವವರಿದ್ದಾರೆ. ಎರಡರಲ್ಲಿ 12 ವೋಲ್ಟ್ ಮತ್ತು ಗ್ರೌಂಡ್ ಅದಲುಬದಲು. ತುರುಕಿದರೆ ನೇರ ಶಾರ್ಟ್, ಎಸ್‌ಎಂಪಿಎಸ್ ಏಳುವುದೇ ಇಲ್ಲ. ಪಿನ್‌ಗಳ ಆಕಾರ ಹೊಂದದೆ ಈ 8 ಪಿನ್ ಪ್ಲಗ್ ಇಳಿಯುತ್ತಿಲ್ಲ ಅಂದರೆ ಅದು ಆ ಜಾಗದ್ದಲ್ಲ.

ವೈರ್ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ: ಗೆಳೆಯನ ಹಳೇ ಎಸ್‌ಎಂಪಿಎಸ್‌ನ ಮಾಡ್ಯುಲರ್ ವೈರ್ ತಂದು ನಿಮ್ಮದಕ್ಕೆ ಹಾಕಲೇಬೇಡಿ. ಬೋರ್ಡಿನ ಕಡೆಯ ತುದಿ ಎಲ್ಲರದ್ದೂ ಒಂದೇ. ಎಸ್‌ಎಂಪಿಎಸ್ ಕಡೆಯ ತುದಿಗೆ ಅಂಥ ನಿಯಮ ಇಲ್ಲ. ನೋಡಲು ಒಂದೇ ಥರ ಇದ್ದು, 5 ವೋಲ್ಟ್ ಬರಬೇಕಾದ ಕಡೆ 12 ವೋಲ್ಟ್ ಬಂದು ಹಾರ್ಡ್ ಡಿಸ್ಕ್ ಸುಟ್ಟುಹೋಗಬಹುದು.

ಮುಂದಿನದು ಬೋರ್ಡಿನ ಕೆಳಗೆ. ಕ್ಯಾಬಿನೆಟ್ ತಗಡಿಗೂ ಬೋರ್ಡಿಗೂ ನಡುವೆ ಹಿತ್ತಾಳೆಯ ಸಣ್ಣ ಕಂಬಗಳಿರುತ್ತವೆ, ಸ್ಟ್ಯಾಂಡ್‌ಆಫ್ ಅಂತ. ಬೋರ್ಡ್‌ನಲ್ಲಿ ತೂತು ಇರುವ ಕಡೆ ಮಾತ್ರ ಅವು ಇರಬೇಕು. ಕ್ಯಾಬಿನೆಟ್‌ಗಳಲ್ಲಿ ದೊಡ್ಡ ಎಟಿಎಕ್ಸ್ ಬೋರ್ಡಿಗೆ ಹೊಂದುವಂತೆ ಇವನ್ನು ಮೊದಲೇ ಹಾಕಿರುವುದುಂಟು. ನಿಮ್ಮದು 244 ಮಿ.ಮೀ. ಉದ್ದದ ಮೈಕ್ರೋ ಎಟಿಎಕ್ಸ್ ಆಗಿದ್ದರೆ, 305 ಮಿ.ಮೀ. ಬೋರ್ಡಿಗಿಟ್ಟ ಕಂಬವೊಂದು ತೂತಿಲ್ಲದ ಜಾಗದಲ್ಲಿ ಬೋರ್ಡಿನ ಬೆನ್ನಿಗೆ ತಾಗುವ ಸಾಧ್ಯತೆ ಇದೆ. ಜಾರಿ ಬಿದ್ದ ಒಂದು ಸ್ಕ್ರೂ ಕೂಡ ಇದೇ ಕೆಲಸ ಮಾಡುತ್ತದೆ. ಬಟನ್ ಒತ್ತಿದಾಗ ಫ್ಯಾನ್ ಒಮ್ಮೆ ಜರ್ಕ್ ಹೊಡೆದು ನಿಂತರೆ ಇಂಥ ಶಾರ್ಟ್ ಬಗ್ಗೆ ಇನ್ನೂ ಜಾಸ್ತಿ ಅನುಮಾನ ಪಡಬೇಕು. ಎಸ್‌ಎಂಪಿಎಸ್ ತನ್ನನ್ನು ಕಾಪಾಡಿಕೊಳ್ಳಲು ಟ್ರಿಪ್ ಆಗಿರುತ್ತದೆ. ಹಾಗೆ ಟ್ರಿಪ್ ಆದ ಮೇಲೆ ಹಿಂದಿನ ಸ್ವಿಚ್ ಆಫ್ ಮಾಡಿ ಅರ್ಧ ನಿಮಿಷ ಬಿಡದಿದ್ದರೆ ಎಷ್ಟು ಒತ್ತಿದರೂ ಅದು ಏಳುವುದಿಲ್ಲ.

ಇದನ್ನು ಪತ್ತೆ ಮಾಡಲು ಬೋರ್ಡನ್ನು ಕ್ಯಾಬಿನೆಟ್‌ನಿಂದ ಹೊರಗೆ ತೆಗೆಯುವುದೇ ಒಳ್ಳೆಯ ದಾರಿ. ಬೇಜಾರಿನ ಕೆಲಸ, ಗೊತ್ತು. ಆದರೆ ಒಂದೊಂದೇ ಭಾಗ ಬದಲಿಸಿ ನೋಡುವುದಕ್ಕಿಂತ ಬೇಗ ಮುಗಿಯುತ್ತದೆ. ಬೋರ್ಡ್ ಬಂದ ರಟ್ಟಿನ ಡಬ್ಬದ ಮೇಲೆ ಅದನ್ನು ಇಡಿ. ಬೆಳ್ಳಿ ಬಣ್ಣದ ಆಂಟಿಸ್ಟ್ಯಾಟಿಕ್ ಚೀಲದ ಮೇಲೆ ಬೇಡ, ಅದರ ಮೈ ಸ್ವಲ್ಪ ಕರೆಂಟ್ ಹರಿಸುತ್ತದೆ. ಪ್ರೊಸೆಸರ್, ಕೂಲರ್, ಒಂದೇ ಒಂದು ರ‍್ಯಾಮ್, 24 ಪಿನ್ ಮತ್ತು 8 ಪಿನ್ ಪ್ಲಗ್ ಇರಲಿ. ಗ್ರಾಫಿಕ್ಸ್ ಕಾರ್ಡ್, ಎಸ್‌ಎಸ್‌ಡಿ, ಯುಎಸ್‌ಬಿ ವೈರ್ ಎಲ್ಲಾ ಹೊರಗೆ. ನಿಮ್ಮ 7600ರಲ್ಲೇ ಸಣ್ಣ ಗ್ರಾಫಿಕ್ಸ್ ಇದೆ, ಡಿಸ್‌ಪ್ಲೇಗೆ ಕಾರ್ಡ್ ಬೇಕಿಲ್ಲ. ಕೂಲರ್ ಇಲ್ಲದೆ ಮಾತ್ರ ಒಂದು ನಿಮಿಷವೂ ಆನ್ ಮಾಡಬೇಡಿ. ಈಗ ಸ್ಕ್ರೂಡ್ರೈವರ್‌ನಿಂದ ಆ ಎರಡು ಪಿನ್ ಮುಟ್ಟಿಸಿ. ಆನ್ ಆಯಿತೇ? ಹಾಗಾದರೆ ತಪ್ಪು ಕ್ಯಾಬಿನೆಟ್ಟಿನದು, ಇಲ್ಲವೇ ತೆಗೆದಿಟ್ಟ ಯಾವುದೋ ಒಂದರದು. ಒಂದೊಂದಾಗಿ ಮತ್ತೆ ಸೇರಿಸುತ್ತಾ ಬನ್ನಿ, ಎಲ್ಲಿ ನಿಂತಿತೋ ಅದೇ ಕಳ್ಳ.

ಡಬ್ಬದ ಮೇಲೂ ಏಳದಿದ್ದರೆ ಹೆಚ್ಚಾಗಿ ಬೋರ್ಡ್ ಅಥವಾ ಎಸ್‌ಎಂಪಿಎಸ್, ಎರಡರಲ್ಲೊಂದು. ಎಸ್‌ಎಂಪಿಎಸ್ ಪರೀಕ್ಷೆಗೆ ಹಸಿರು ವೈರಿಗೂ ಕಪ್ಪು ವೈರಿಗೂ ಪೇಪರ್ ಕ್ಲಿಪ್ ಹಾಕುವ ಉಪಾಯ ಎಲ್ಲರೂ ಹೇಳುತ್ತಾರೆ. ಉಪಾಯ ಸರಿಯೇ. ಆದರೆ ಈಗಿನ ಎಷ್ಟೋ ಎಸ್‌ಎಂಪಿಎಸ್‌ಗಳಲ್ಲಿ ಎಲ್ಲ ವೈರೂ ಕಪ್ಪು. ಪಿನ್ ಎಣಿಸುವಾಗ ಒಂದು ತಪ್ಪಿದರೆ ಕಷ್ಟ. ನಿಮ್ಮದು ಹಾಗಿದ್ದರೆ ಕ್ಲಿಪ್ ಬೇಡ, ಎಸ್‌ಎಂಪಿಎಸ್ ಟೆಸ್ಟರ್ ಇರುವ ರಿಪೇರಿ ಅಂಗಡಿಗೆ ಅದೊಂದನ್ನೇ ಒಯ್ಯಿರಿ. 12 ವೋಲ್ಟ್ ಲೈನ್ 11.4ರಿಂದ 12.6ರ ಒಳಗಿರಬೇಕು. ಫ್ಯಾನ್ ತಿರುಗದಿದ್ದ ಮಾತ್ರಕ್ಕೆ ಎಸ್‌ಎಂಪಿಎಸ್ ಸತ್ತಿದೆ ಅನ್ನಬೇಡಿ, ಲೋಡ್ ಕಡಿಮೆ ಇದ್ದಾಗ ಫ್ಯಾನ್ ನಿಲ್ಲಿಸುವ ಮಾದರಿಗಳು ಬೇಕಾದಷ್ಟಿವೆ. ಅದರ ಡಬ್ಬವನ್ನಂತೂ ನೀವು ಬಿಚ್ಚಲೇಬಾರದು. ಒಳಗಿನ ದೊಡ್ಡ ಕೆಪ್ಯಾಸಿಟರ್ ಪ್ಲಗ್ ಕಿತ್ತ ಮೇಲೂ ಜೀವಕ್ಕೆ ಅಪಾಯ ಮಾಡುವಷ್ಟು ಚಾರ್ಜ್ ಹಿಡಿದಿಟ್ಟಿರಬಹುದು.

ಎಸ್‌ಎಂಪಿಎಸ್ ಪಾಸಾದರೆ ಬೋರ್ಡನ್ನು ವಾರಂಟಿಗೆ ಕೊಡಿ. ಪ್ರೊಸೆಸರ್ ಕೂರುವ ನಿಮ್ಮ ಎಎಂ5 ಸಾಕೆಟ್‌ನಲ್ಲಿ ಪಿನ್‌ಗಳಿರುವುದು ಬೋರ್ಡಿನ ಮೇಲೆ, ಪ್ರೊಸೆಸರ್‌ನ ಅಡಿಯಲ್ಲಲ್ಲ. ಕೊಡುವ ಮುಂಚೆ ಪ್ರೊಸೆಸರ್ ತೆಗೆದು ಸಾಕೆಟ್ಟಿನ ಪಿನ್‌ಗಳ ಸ್ಪಷ್ಟ ಫೋಟೋ ತೆಗೆದು, ಮೊದಲು ಬಂದಿದ್ದ ಪ್ಲಾಸ್ಟಿಕ್ ಮುಚ್ಚಳ ಹಾಕಿ. ಪಿನ್ ಬಾಗಿದೆ ಅಂತ ಆಮೇಲೆ ವಾದ ಬಂದರೆ ಆ ಫೋಟೋ ಕೆಲಸಕ್ಕೆ ಬರುತ್ತದೆ.

ಪ್ರಶ್ನೆ: ನನ್ನ ಹೊಸ ಕಂಪ್ಯೂಟರ್‌ನಲ್ಲಿ ಫ್ಯಾನ್, ಲೈಟ್ ಎಲ್ಲಾ ಬರುತ್ತದೆ. ಮಾನಿಟರ್ ಮಾತ್ರ ಕಪ್ಪು. ಇದೂ ಪವರ್ ತೊಂದರೆಯೇ? (ಹುಬ್ಬಳ್ಳಿಯ ಓದುಗರು)

ಉತ್ತರ: ಸಾಮಾನ್ಯವಾಗಿ ಅಲ್ಲ. ಮಾನಿಟರ್ ವೈರ್ ಎಲ್ಲಿ ಚುಚ್ಚಿದ್ದೀರಿ ನೋಡಿ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದಕ್ಕೇ ಹಾಕಬೇಕು. ಇಂಟೆಲ್ 12400ಎಫ್‌ನಂತೆ ಹೆಸರಿನ ಕೊನೆಗೆ ಎಫ್ ಇರುವ ಪ್ರೊಸೆಸರ್ ಅಥವಾ ರೈಜೆನ್ 5 5600 ಆದರೆ, ಬೋರ್ಡಿನ ಎಚ್‌ಡಿಎಂಐನಿಂದ ಚಿತ್ರ ಬರುವುದೇ ಇಲ್ಲ. ಡಿಡಿಆರ್5 ಇರುವ ಎಎಂ5 ಬೋರ್ಡ್ ಮೊದಲ ಸಲ ಆನ್ ಆದಾಗ ರ‍್ಯಾಮ್ ಹೊಂದಿಸಿಕೊಳ್ಳಲು ಕೆಲವು ನಿಮಿಷ ಕಪ್ಪಾಗೇ ಇರುತ್ತದೆ. ಗಾಬರಿಯಾಗಿ ನಡುವೆ ಆಫ್ ಮಾಡಿದರೆ ಮತ್ತೆ ಮೊದಲಿಂದ ಶುರು. ಹದಿನೈದು ನಿಮಿಷ ಬಿಟ್ಟು, ಟೀ ಕುಡಿದು ಬನ್ನಿ. ಆಗಲೂ ಬಾರದಿದ್ದರೆ ಒಂದೇ ರ‍್ಯಾಮ್ ಇಟ್ಟು, ಪ್ರೊಸೆಸರ್‌ನಿಂದ ಎಣಿಸಿ ಎರಡನೇ ಸ್ಲಾಟ್‌ನಲ್ಲಿ ನೋಡಿ. ಬೋರ್ಡಿನ ಅಂಚಿನಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ (ಗ್ರಾಫಿಕ್ಸ್), ಬೂಟ್ (ಡಿಸ್ಕ್‌ನಿಂದ ಶುರುವಾಗುವುದು) ಅನ್ನುವ ನಾಲ್ಕು ದೀಪಗಳಿದ್ದರೆ ಯಾವುದು ಉರಿದು ನಿಲ್ಲುತ್ತದೋ ಅಲ್ಲಿ ಹುಡುಕಿ. ಬೋರ್ಡ್ ಹಳೇ ಸ್ಟಾಕ್, ಪ್ರೊಸೆಸರ್ ಹೊಸದು ಆಗಿದ್ದರೆ ಬಯಾಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಬೇಕಾಗಬಹುದು. 2022ರ ಬಿ650 ಬೋರ್ಡಿಗೆ 2024ರ ರೈಜೆನ್ 9000 ಹಾಕಿದವರಿಗೆ ಇದು ಗೊತ್ತು. ಫ್ಲ್ಯಾಶ್‌ಬ್ಯಾಕ್ ಬಟನ್ ಇರುವ ಬೋರ್ಡ್ ಆದರೆ ಪೆನ್ ಡ್ರೈವ್‌ನಿಂದಲೇ ಆಗುತ್ತದೆ.

ಪ್ರಶ್ನೆ: ಕಂಪ್ಯೂಟರ್ ಚೆನ್ನಾಗಿ ನಡೆಯುತ್ತದೆ, ಆದರೆ ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆ. ಎಸ್‌ಎಂಪಿಎಸ್ ಲೀಕ್ ಆಗುತ್ತಿದೆಯೇ? (ಶಿರಸಿಯ ಓದುಗರು)

ಉತ್ತರ: ಎಸ್‌ಎಂಪಿಎಸ್‌ಗಿಂತ ಮೊದಲು ನಿಮ್ಮ ಮನೆಯ ಅರ್ಥಿಂಗ್ ನೋಡಿ. ಎಸ್‌ಎಂಪಿಎಸ್ ಒಳಗೆ ಫೇಸ್‌ನಿಂದಲೂ ನ್ಯೂಟ್ರಲ್‌ನಿಂದಲೂ ಲೋಹದ ಮೈಗೆ ಎರಡು ಸಣ್ಣ ಕೆಪ್ಯಾಸಿಟರ್ ಇರುತ್ತವೆ. ಅರ್ಥ್ ಸರಿ ಇದ್ದರೆ ಅವುಗಳ ಅತ್ಯಲ್ಪ ಕರೆಂಟ್ ನೆಲಕ್ಕೆ ಹೋಗುತ್ತದೆ. ಅರ್ಥ್ ಇಲ್ಲದಿದ್ದರೆ ಕ್ಯಾಬಿನೆಟ್ 230ರ ಅರ್ಧದಷ್ಟು, ಅಂದರೆ ಸುಮಾರು 115 ವೋಲ್ಟ್‌ನಲ್ಲಿ ತೇಲುತ್ತದೆ, ಮುಟ್ಟಿದವರಿಗೆ ಜುಮ್ ಅನ್ನುತ್ತದೆ. ಎಷ್ಟೋ ಹಳೇ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಮೇಲಿನ ದೊಡ್ಡ ತೂತಿಗೆ ವೈರೇ ಎಳೆದಿರುವುದಿಲ್ಲ. ಎಲೆಕ್ಟ್ರಿಷಿಯನ್ ಮಲ್ಟಿಮೀಟರ್ ಇಟ್ಟರೆ ಫೇಸ್ ಮತ್ತು ಅರ್ಥ್ ನಡುವೆ 230ರ ಆಸುಪಾಸು, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಕೆಲವೇ ವೋಲ್ಟ್ ತೋರಿಸಬೇಕು. ಅರ್ಥ್ ಸರಿ ಇದ್ದೂ ಜುಮ್ ಅಂದರೆ, ಅಥವಾ ಜೋರಾಗಿ ಹೊಡೆದರೆ, ಆಗ ಎಸ್‌ಎಂಪಿಎಸ್ ಮೇಲೆ ಅನುಮಾನ ಪಡಿ, ಬಳಸಬೇಡಿ. ಸಾಕೆಟ್ ಒಳಗೇ ಅರ್ಥನ್ನು ನ್ಯೂಟ್ರಲ್‌ಗೆ ಕೂಡಿಸಿ ಕೈತೊಳೆದುಕೊಳ್ಳುವ ಎಲೆಕ್ಟ್ರಿಷಿಯನ್‌ಗಳಿದ್ದಾರೆ, ಅದಕ್ಕೆ ಒಪ್ಪಬೇಡಿ. ಎಲ್ಲೋ ನ್ಯೂಟ್ರಲ್ ತುಂಡಾದ ದಿನ ಪೂರ್ತಿ 230 ವೋಲ್ಟ್ ಕ್ಯಾಬಿನೆಟ್ ಮೈಗೆ ಬರುತ್ತದೆ. ನೆಲದಲ್ಲಿ ಸರಿಯಾದ ಅರ್ಥ್ ಗುಂಡಿ ಮಾಡಿಸಿ, ಜೊತೆಗೆ ಮೀಟರ್ ಬೋರ್ಡ್‌ನಲ್ಲಿ ಕರೆಂಟ್ ಸೋರಿದರೆ ತಾನೇ ಆಫ್ ಆಗುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿಕೊಳ್ಳಿ. ಅಲ್ಲಿಯವರೆಗೆ ಆ ಕಂಪ್ಯೂಟರ್ ಆನ್ ಮಾಡದಿರುವುದೇ ಒಳ್ಳೆಯದು. ಮನೆಯಲ್ಲಿ ಮಕ್ಕಳಿದ್ದರಂತೂ ಪ್ಲಗ್ ಕಿತ್ತಿಡಿ.