ಚಾವಿ, ಪಾದ್ರಿ, ಅನಾನಸು: ಈ ಪದಗಳು ಎಲ್ಲಿಂದ ಬಂದವು?

ಮೂರನ್ನೂ ನಮಗೆ ತಂದವರು ಪೋರ್ಚುಗೀಸರು. 1510ರಲ್ಲಿ ಗೋವಾ ಅವರ ಕೈಸೇರಿದ ಮೇಲೆ ಇಂಥ ಎಷ್ಟೋ ಪದಗಳು ಸುತ್ತಲಿನ ಭಾಷೆಗಳಿಗೆಲ್ಲ ಹರಡಿದವು. ಆದರೆ ಅನಾನಸು ಅವರ ಸ್ವಂತ ಪದವೂ ಅಲ್ಲ! ದಕ್ಷಿಣ ಅಮೆರಿಕದ ಟೂಪಿ ಜನ ಆ ಹಣ್ಣಿಗೆ 'ನನಾ' ಅನ್ನುತ್ತಿದ್ದರು. ಹಣ್ಣು ಹಡಗು ಹತ್ತಿತು, ಹೆಸರೂ ಜೊತೆಗೆ ಬಂತು.

ನನಗಂತೂ ಬಂದ ಪದಗಳಿಗಿಂತ ಇಲ್ಲಿಂದ ಹೋದವುಗಳ ಮೇಲೆ ಪ್ರೀತಿ ಜಾಸ್ತಿ. ಇಂಗ್ಲಿಷಿನಲ್ಲಿ 'ಅರೆಕಾ ನಟ್' ಅಂತಾರಲ್ವಾ, ಅದು ನಮ್ಮ ಅಡಿಕೆಯ ನಂಟೇ. ಮಲಯಾಳದ 'ಅಡಕ್ಕ' ಪೋರ್ಚುಗೀಸರ ಬಾಯಲ್ಲಿ 'ಅರೆಕಾ' ಆಯಿತು, 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಅದನ್ನೇ ಮರದ ವೈಜ್ಞಾನಿಕ ಹೆಸರಿಗೂ ತೆಗೆದುಕೊಂಡ. ಹಾಗಾಗಿ ಶಿರಸಿಯ ತೋಟದಲ್ಲಿರುವ ಮರಕ್ಕೆ ಜಗತ್ತಿನ ಸಸ್ಯಶಾಸ್ತ್ರದ ಪುಸ್ತಕಗಳಲ್ಲೆಲ್ಲ ದ್ರಾವಿಡ ಹೆಸರೇ ಇದೆ.