ಒಂದು ಅಂಶ ಜಾಸ್ತಿ ಇರುವ ಗಣಕ್ಕೆ ಮಾತ್ರ ಗೆರೆ ಎಳೆದರೆ ಸಾಕಾ? ಸಾಲದು

"ಉಪಗಣಗಳ ಗ್ರಾಫ್ ಗೋಜಲಾಗುತ್ತಿದೆ, ಯಾವ ಲೇಔಟ್ ಹಾಕಲಿ? ಒಂದೇ ಅಂಶದ ವ್ಯತ್ಯಾಸ ಇರುವ ಗಣಗಳನ್ನು ಮಾತ್ರ ಜೋಡಿಸಿದರೆ ಸಾಕಲ್ವಾ?" ನಿಮ್ಮ ಈ ಕೊನೇ ಸಾಲು ಓದಿ ಎದೆ ಧಸಕ್ಕೆಂದಿತು. ನಾನು ಎಂ.ಎಸ್ಸಿ. ಪ್ರಾಜೆಕ್ಟಿನಲ್ಲಿ ಇದನ್ನೇ ಮಾಡಿದೆ. ಒಂದಿಡೀ ಅಧ್ಯಾಯ ಹೋಯಿತು.

ನನ್ನ ಗಣಗಳು (ಸೆಟ್‌ಗಳು, ಚಿತ್ರದಲ್ಲಿ ಒಂದೊಂದೂ ಒಂದು ಚುಕ್ಕಿ) ಕರ್ನಾಟಕ ಸಂಗೀತದ ರಾಗಗಳು. ಒಂದು ರಾಗ ಅಂದರೆ ಅದರ ಸ್ವರಗಳ ಗಣ. ಏಳೂ ಸ್ವರ ಇರುವ ಮೂಲ ರಾಗಗಳಾದ 72 ಮೇಳಕರ್ತಗಳು, ಜೊತೆಗೆ ಅವುಗಳಿಂದ ಹುಟ್ಟಿದ, ನಾನು ಆರಿಸಿಕೊಂಡ ಸುಮಾರು 40 ಜನ್ಯ ರಾಗಗಳು. ಮ್ಯಾಥಮೆಟಿಕಾ ಎಂಬ ಗಣಿತ ತಂತ್ರಾಂಶದಲ್ಲಿ ಎಲ್ಲ ಉಪಗಣ ಸಂಬಂಧಕ್ಕೂ (ಒಂದರ ಅಂಶಗಳೆಲ್ಲ ಇನ್ನೊಂದರಲ್ಲೂ ಇದ್ದರೆ) ಗೆರೆ ಎಳೆಸಿದೆ, ಜೇಡರ ಬಲೆ ಬಂತು. ಆಗ ನಿಮಗೆ ಹೊಳೆದದ್ದೇ ನನಗೂ ಹೊಳೆಯಿತು. ದೊಡ್ಡ ಗಣದಲ್ಲಿ ಒಂದೇ ಸ್ವರ ಜಾಸ್ತಿ ಇದ್ದರೆ ಮಾತ್ರ ಗೆರೆ.

ಪರೀಕ್ಷೆಯನ್ನೂ ಮಾಡಿದ್ದೆ. 4 ಅಂಶಗಳ 16 ಉಪಗಣಗಳನ್ನು ಕೊಟ್ಟೆ, 65 ಗೆರೆ ಇದ್ದದ್ದು 32ಕ್ಕೆ ಇಳಿದು ಪುಸ್ತಕದಲ್ಲಿರುವ ಹಾಸೆ ಚಿತ್ರವೇ (ಬೇಡದ ಗೆರೆಗಳನ್ನು ಬಿಟ್ಟ ಉಪಗಣಗಳ ಚಿತ್ರ) ಬಂತು. ರಾಗಗಳಲ್ಲಿ ಆಭೋಗಿಯಿಂದ ಶ್ರೀರಂಜನಿಗೆ, ಅಲ್ಲಿಂದ ಖರಹರಪ್ರಿಯಕ್ಕೆ ಗೆರೆ ಸರಿಯಾಗಿ ಹೋಗಿತ್ತು. ಇನ್ನೇನು ಬೇಕು ಅಂದುಕೊಂಡೆ. ಮೋಹನ, ಹಿಂದೋಳ, ಹಂಸಧ್ವನಿ ಯಾವುದಕ್ಕೂ ಅಂಟದೆ ಬಿಡಿಯಾಗಿ ನಿಂತಿದ್ದವು. ಅವುಗಳ ಮೇಲೆ "ಒಂಟಿ ರಾಗಗಳು" ಅಂತ ಅಧ್ಯಾಯವನ್ನೇ ಬರೆದೆ.

ಸಂಗೀತ ಪಾಠ ಹೇಳುವ ನಮ್ಮ ಅತ್ತೆ ಆ ಚಿತ್ರ ನೋಡಿ, "ಇದೇನೋ, ಮೋಹನ ಹರಿಕಾಂಭೋಜಿಯ ಜನ್ಯ ಅಲ್ವೇನೋ? ಗೆರೆ ಎಲ್ಲಿ?" ಅಂದರು. ಸಲ್ಲಿಕೆಗೆ ಎರಡು ವಾರ ಇತ್ತು.

ತಪ್ಪು ಎಲ್ಲಿ ಅಂತ ಬಿಡಿಸಿ ಹೇಳುತ್ತೇನೆ. ಮೋಹನಕ್ಕೆ ಸ ರಿ2 ಗ3 ಪ ದ2 (ಅಂಕಿ ಆ ಸ್ವರದ ಯಾವ ಭೇದ ಅಂತ ಹೇಳುತ್ತದೆ), ಐದೇ ಸ್ವರ. ಹರಿಕಾಂಭೋಜಿಗೆ ಏಳು. ಮಧ್ಯೆ ಆರು ಸ್ವರದ ಮೆಟ್ಟಿಲು ನನ್ನ ಪಟ್ಟಿಯಲ್ಲಿ ಇರಲೇ ಇಲ್ಲ. ಒಂದೊಂದೇ ಮೆಟ್ಟಿಲು ಹತ್ತುವ ನನ್ನ ನಿಯಮಕ್ಕೆ ಎರಡು ಮೆಟ್ಟಿಲಿನ ನೆಗೆತ ಕಾಣಲಿಲ್ಲ. ಒಂದು ಗಣದ ಎಲ್ಲ ಉಪಗಣಗಳನ್ನೂ ತೆಗೆದುಕೊಂಡರೆ ಮಧ್ಯದ ಮೆಟ್ಟಿಲು ಯಾವಾಗಲೂ ಇದ್ದೇ ಇರುತ್ತದೆ, ಅದಕ್ಕೇ ಪರೀಕ್ಷೆಯಲ್ಲಿ ಪಾಸಾದೆ. ನಿಜವಾದ ಪಟ್ಟಿಯಲ್ಲಿ ಆ ಭರವಸೆ ಇಲ್ಲ. ಕೇಳಬೇಕಾದ್ದು "ಎಷ್ಟು ಅಂಶ ಜಾಸ್ತಿ?" ಅಂತಲ್ಲ, "ಇವೆರಡರ ಮಧ್ಯೆ ನನ್ನ ಪಟ್ಟಿಯಲ್ಲೇ ಇನ್ನೊಂದು ಗಣ ಕೂತಿದೆಯಾ?" ಅಂತ. ಕೂತಿದ್ದರೆ ಗೆರೆ ಬೇಡ, ಇಲ್ಲದಿದ್ದರೆ ಬೇಕೇ ಬೇಕು. ಆಭೋಗಿಯನ್ನೇ ನೋಡಿ. ಖರಹರಪ್ರಿಯಕ್ಕೆ ನೇರ ಗೆರೆ ಬೇಡ, ಮಧ್ಯೆ ಶ್ರೀರಂಜನಿ ಇದೆ. ಗೌರಿಮನೋಹರಿಗೆ ಮಾತ್ರ ನೇರ ಗೆರೆ ಬೇಕು, ಯಾಕಂದರೆ ಶ್ರೀರಂಜನಿಯ ನಿ2 ಅಲ್ಲಿಲ್ಲ, ಅಲ್ಲಿರುವುದು ನಿ3. ಎರಡೂ ಕಡೆ ವ್ಯತ್ಯಾಸ ಎರಡೆರಡು ಸ್ವರವೇ, ಆದರೂ ಉತ್ತರ ಬೇರೆ. ನನ್ನ ಕೋಡಿನಲ್ಲಿ ಗೌರಿಮನೋಹರಿಯ ಗೆರೆಯೂ ಮಾಯವಾಗಿತ್ತು, ನಾನು ಗಮನಿಸಿರಲಿಲ್ಲ.

ಹಾಗಾಗಿ ಲೇಔಟ್ ಹುಡುಕುವುದನ್ನು ಸದ್ಯಕ್ಕೆ ಬಿಡಿ. ನಿಮ್ಮ ತೊಂದರೆ ಲೇಔಟಿನದ್ದಲ್ಲ, ಬೇಡದ ಗೆರೆಗಳದ್ದು. ಮ್ಯಾಥಮೆಟಿಕಾದಲ್ಲಿ ರಿಲೇಶನ್‌ಗ್ರಾಫ್‌ನಿಂದ ಎಲ್ಲ ಗೆರೆ ಎಳೆಸಿ, ಆಮೇಲೆ ಟ್ರಾನ್ಸಿಟಿವ್‌ರಿಡಕ್ಷನ್‌ಗ್ರಾಫ್‌ಗೆ ಕೊಡಿ, ಬೇಡದ್ದನ್ನು ಅದೇ ತೆಗೆಯುತ್ತದೆ. ಒಂದು ಎಚ್ಚರ: ಉಪಗಣ ಹೌದೋ ಅಲ್ಲವೋ ಅಂತ ನೋಡುವ ಸಬ್‌ಸೆಟ್‌ಕ್ಯೂಗೆ ದೊಡ್ಡ ಗಣವನ್ನು ಮೊದಲು ಕೊಡಬೇಕು, ಚಿಕ್ಕದನ್ನು ಆಮೇಲೆ. ಸುಮ್ನೆ ಹಾಗೇ ಹಾಕಿದರೆ ಬಾಣಗಳು ದೊಡ್ಡದರಿಂದ ಚಿಕ್ಕದಕ್ಕೆ ಹೋಗುತ್ತವೆ. ಜೊತೆಗೆ ಪ್ರತಿ ಗಣವೂ ತನ್ನದೇ ಉಪಗಣ ಆದ್ದರಿಂದ ಪ್ರತಿ ಚುಕ್ಕಿಗೂ ಒಂದು ಸುತ್ತುಗೆರೆ ಬೀಳುತ್ತದೆ, ಅದನ್ನು ಮೊದಲೇ ತೆಗೆಯಿರಿ. ನನ್ನನ್ನು ಕೇಳಿದರೆ ಸೇಜ್ ಎಂಬ ಇನ್ನೊಂದು ಗಣಿತ ತಂತ್ರಾಂಶ ವಾಸಿ. ದುಡ್ಡು ಕೊಡಬೇಕಾಗಿಲ್ಲ. ಅದರಲ್ಲಿರುವ ಪೋಸೆಟ್‌ಗೆ ಗಣಗಳನ್ನೂ ಹೋಲಿಸುವ ಫಂಕ್ಷನ್ನನ್ನೂ ಕೊಟ್ಟರೆ ಹಾಸೆ ಚಿತ್ರ ತಾನೇ ಬರುತ್ತದೆ.

ನಿಮ್ಮ ಪಟ್ಟಿಯಲ್ಲಿ ಬೇರೆ ಬೇರೆ ಹೆಸರಿನ, ಆದರೆ ಒಂದೇ ಅಂಶಗಳ ಗಣಗಳಿದ್ದರೆ ಮೊದಲು ಒಂದೇ ಚುಕ್ಕಿಗೆ ಸೇರಿಸಿ. ನನ್ನಲ್ಲಿ ಆರಭಿ, ದೇವಗಾಂಧಾರಿ ಹಾಗಿದ್ದವು. ಹಾಡುವವರಿಗೆ ಅವು ಬೇರೆಯೇ, ಗಣವಾಗಿ ಒಂದೇ. ಬಿಟ್ಟರೆ ಎರಡೂ ಒಂದಕ್ಕೊಂದು ಉಪಗಣವಾಗಿ ಬಾಣಗಳು ಸುತ್ತು ಹೊಡೆಯುತ್ತವೆ, ಪೋಸೆಟ್ ಒಪ್ಪುವುದಿಲ್ಲ.

ಅಧ್ಯಾಯವನ್ನು ಕಿತ್ತು ಹಾಕಿ ಮತ್ತೆ ಬರೆದೆ, ಸಲ್ಲಿಕೆ ಒಂದು ಸೆಮಿಸ್ಟರ್ ಮುಂದೆ ಹೋಯಿತು. ಹೊಸ ಚಿತ್ರದಲ್ಲಿ ಮೋಹನದಿಂದ ನಾಲ್ಕು ಗೆರೆ ಹೊರಟಿದ್ದವು: ಹರಿಕಾಂಭೋಜಿ, ಶಂಕರಾಭರಣ, ವಾಚಸ್ಪತಿ, ಕಲ್ಯಾಣಿ.